ಮಾಡೆಲ್ ಮಾಡಲು ಯಾವ ಯಾಟ್: ‘ಎ’ ಅಥವಾ ‘ಕ್ರಿಸ್ಟಿನಾ ಓ’?

ದಾವಣಗೆರೆಯಲ್ಲಿ ಕೂತು ಯಾಟ್ (ವಿಹಾರ ನೌಕೆ) ಮಾಡೆಲ್ ಮಾಡಲು ಹೊರಟಿದ್ದೀರಾ? ಸುಲಭದ್ದು ಬೇಕಾದರೆ ‘ಎ’ ಮಾಡಿ. ಫಿಲಿಪ್ ಸ್ಟಾರ್ಕ್ ವಿನ್ಯಾಸ, 2008ರದ್ದು, 119 ಮೀಟರ್ ಉದ್ದ. ಮೂತಿ ಮೇಲೆ ಹೋದಂತೆ ಹಿಂದಕ್ಕೆ ವಾಲಿದೆ, ಮೈಯೆಲ್ಲ ನುಣುಪು, ಥರ್ಮಾಕೋಲ್ ಕೊರೆದು ಉಜ್ಜಿದರೆ ಅರ್ಧ ಕೆಲಸ ಮುಗಿಯಿತು. ನೋಡಲು ಮಾತ್ರ ಸ್ವಲ್ಪ ಸಪ್ಪೆ, ಅಲ್ವಾ?

‘ಕ್ರಿಸ್ಟಿನಾ ಓ’ ಹಾಗಲ್ಲ. 1943ರ ಕೆನಡಾ ಯುದ್ಧನೌಕೆ ಅದು. ಗ್ರೀಸಿನ ಹಡಗು ಉದ್ಯಮಿ ಒನಾಸಿಸ್ ಅದನ್ನು ಕೊಂಡು 1954ರಲ್ಲಿ ಐಷಾರಾಮಿ ಯಾಟ್ ಮಾಡಿಸಿದರು, ಈಜುಕೊಳದ ಮೊಸಾಯಿಕ್ ತಳವೇ ಮೇಲೆದ್ದು ಡ್ಯಾನ್ಸ್ ಫ್ಲೋರ್ ಆಗುತ್ತದೆ, ಮಾಡೆಲ್‌ನಲ್ಲೂ ಇದನ್ನು ಬಿಡಬೇಡಿ! ಹಳದಿ ಚಿಮಣಿ, ಕಂಬಿ, ಪುಟ್ಟ ದೋಣಿ ಅಂತ ಕೆಲಸ ಜಾಸ್ತಿ. ಆದರೂ ನನ್ನ ವೋಟು ಇದಕ್ಕೇ. ಕೊಂಡಜ್ಜಿ ಕೆರೆಯಲ್ಲಿ ತೇಲಿಬಿಡುವುದಾದರೆ ತಳಕ್ಕೆ ಭಾರ ಕಟ್ಟಿ, ಇಲ್ಲಾಂದ್ರೆ ಗಾಳಿಗೆ ಮಗುಚುತ್ತದೆ.