ಗುಜರಿ ಅಂಗಡಿಯ ಕೋಳಿಗೂಡು: ತಗಡು ಸೈ, ಜಾಲರಿ ಬೇಡ

ಆರು ನಾಟಿ ಕೋಳಿಗೆ ಹಿತ್ತಲಲ್ಲಿ ಗೂಡು ಬೇಕಿತ್ತು. ಜೇಬಲ್ಲಿದ್ದದ್ದು 2,500 ರೂಪಾಯಿ. ರೆಡಿಮೇಡ್ ಗೂಡಿನ ರೇಟು ಕೇಳಿ ಸುಮ್ಮನೆ ವಾಪಸ್ ಬಂದವನು ಮಂಡ್ಯದ ಹೊರಗಿರೋ ಒಂದು ಗುಜರಿ ಅಂಗಡಿ ಹೊಕ್ಕೆ.

ಹಳೇ ತಗಡು ನಾಲ್ಕು ಶೀಟು, ತೂಕದ ಲೆಕ್ಕದಲ್ಲಿ 640. ಮೊಳೆ ತೂತುಗಳಿಗೆ ಎಂ-ಸೀಲ್ ಮೆತ್ತಿದೆ, ಇಲ್ಲೀವರೆಗೆ ಒಂದು ಹನಿ ಸೋರಿಲ್ಲ. ಮೂಲೇಲಿ ಬಿದ್ದಿದ್ದ ಕಿಟಕಿ ಚೌಕಟ್ಟಿಗೆ ಚೌಕಾಸಿ ಮಾಡಿದ್ರೆ, "ಸುಮ್ನೆ ತಗೊಂಡೋಗಿ ಸಾ, ಕೋಳಿ ಸಾರಿಗೆ ಕರೀರಿ" ಅಂದ ಹುಡುಗ. ಈಗ ಅದೇ ಗೂಡಿನ ಬಾಗಿಲು.

ತಕರಾರು ಜಾಲರಿದು. "ಗಟ್ಟಿ ಐತೆ" ಅಂತ ಕೊಟ್ಟ ಆರು ಮೂಲೆ ಕಣ್ಣಿನ ತೆಳು ತಂತಿ, ಕೈಯಲ್ಲಿ ಜಗ್ಗಿದ್ರೇ ಬಿಚ್ಕೊಳ್ಳುತ್ತೆ. ಅದು ಕೋಳಿನ ಒಳಗಿಡುತ್ತೆ, ಮುಂಗುಸಿನ ಹೊರಗಿಡಲ್ಲ. ಮೂರನೇ ಬೆಳಗ್ಗೆ ಮೂಲೆ ಕಿತ್ತಿತ್ತು. ಮೊಟ್ಟೆ ಇಡೋ ಹ್ಯಾಟೆಯ ಪುಕ್ಕ ಪಕ್ಕದ ಕಬ್ಬಿನ ಗದ್ದೇಲಿ ಸಿಕ್ತು. ವಾಪಸ್ ಕೇಳಿದ್ರೆ "ಕತ್ತರಿಸಿದ್ದು ತಗೊಳಲ್ಲ" ಅಂದ್ರು. ಕೊನೆಗೆ ಹಾರ್ಡ್‌ವೇರ್ ಅಂಗಡೀಲಿ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ 1,150 ಕೊಟ್ಟು ತಂದು, ಒಂದಡಿ ನೆಲದೊಳಕ್ಕೂ ಹೂತೆ.

ಅಕ್ಕಿ ಗಿರಣಿಯಿಂದ ಒಂದು ಮೂಟೆ ಹೊಟ್ಟು ತಂದು ಹಾಸಿದೀನಿ. ಐದು ಕೋಳಿ ಕ್ಷೇಮ. ತಗಡಿಗೆ ಮತ್ತೆ ಅಲ್ಲಿಗೇ ಹೋಗ್ತೀನಿ.