ಬೇಸ್, ಟ್ರೆಬಲ್ ನಾಬ್ ಬೇಕೋ ಬೇಡವೋ: ಲಕ್ಸ್‌ಮನ್ ಎಲ್-505ಯುಎಕ್ಸ್ II ಜೊತೆ ಐದು ವರ್ಷ

ಈ ಆಂಪ್ (ದನಿ ಹಿಗ್ಗಿಸಿ ಸ್ಪೀಕರಿಗೆ ಕೊಡುವ ಆಂಪ್ಲಿಫೈಯರ್) ಬಂದ ಮೊದಲ ವರ್ಷ ಅದರ ಟೋನ್ ನಾಬ್‌ಗಳನ್ನು, ಅಂದರೆ ಮಂದ್ರದ ದನಿ ಏರಿಳಿಸುವ ಬೇಸ್, ತಾರದ ದನಿ ಏರಿಳಿಸುವ ಟ್ರೆಬಲ್ ನಾಬ್‌ಗಳನ್ನು, ನಾನು ಮುಟ್ಟಲೇ ಇಲ್ಲ. 'ಲೈನ್ ಸ್ಟ್ರೈಟ್' ಗುಂಡಿ ಒತ್ತಿದರೆ ಸಿಗ್ನಲ್ ಆ ನಾಬ್‌ಗಳ ಸರ್ಕ್ಯೂಟಿನ ಗೊಡವೆಗೆ ಹೋಗದೆ ನೇರ ಮುಂದಕ್ಕೆ ಹೋಗುತ್ತದೆ, ಅದನ್ನೇ ಒತ್ತಿಟ್ಟಿದ್ದೆ. ಹಿಂದಿನ ಆಂಪ್‌ನಲ್ಲಿ ವಾಲ್ಯೂಮ್ ಬಿಟ್ಟರೆ ತಿರುಗಿಸಲು ಏನೂ ಇರಲಿಲ್ಲ. ದನಿಯ ದಾರಿಯಲ್ಲಿ ಸರ್ಕ್ಯೂಟ್ ಕಡಿಮೆಯಾದಷ್ಟೂ ಶುದ್ಧತೆ ಹೆಚ್ಚು, ಅದೇ ದೊಡ್ಡಸ್ತಿಕೆ ಅಂತ ನಂಬಿದ್ದ ಕಾಲ.

ಆ ನಂಬಿಕೆ ಕೆಡಿಸಿದ್ದು ಒಂದು ಹಳೇ ಮೋನೋ ರೆಕಾರ್ಡಿಂಗಿನ ಸಿ.ಡಿ. ಪಿಟೀಲು ತಾರಸ್ಥಾಯಿಗೆ ಏರಿದಾಗಲೆಲ್ಲ ಕಿವಿಗೆ ದಬ್ಬಳ ಹಾಕಿದ ಹಾಗಾಗುತ್ತಿತ್ತು. ಟ್ರೆಬಲ್ ನಾಬನ್ನು ಗಡಿಯಾರದ ಹನ್ನೆರಡರಿಂದ ಹನ್ನೊಂದಕ್ಕೆ ತಂದೆ, ಅಷ್ಟೇ. ಅವತ್ತು ಮೊದಲ ಸಲ ಆ ಡಿಸ್ಕನ್ನು ಕೊನೆತನಕ ಕೇಳಿದೆ. ಡಿಸ್ಕ್ ಅಚ್ಚಾಗುವ ಮುಂಚೆ ದನಿಗೆ ಕೊನೆಯ ಒಪ್ಪ ಕೊಡುವ ಮಾಸ್ಟರಿಂಗ್ ಮೇಜಿನ ಮೇಲೆ ಈಕ್ವಲೈಸರ್ (ಬೇಸ್, ಟ್ರೆಬಲ್ ಏರಿಳಿಸುವ ಉಪಕರಣ) ಹೇಗೂ ಓಡಾಡಿರುತ್ತದೆ. ಅದರ ಮೇಲೆ ನಾನೊಂದು ಚೂರು ತಿರುಗಿಸಿದರೆ ಕೆಡುವ ಶುದ್ಧತೆ ಯಾವುದು? ನಾಬ್‌ಗಳನ್ನು ನಡುವೆ ನಿಲ್ಲಿಸಿ, ಲೈನ್ ಸ್ಟ್ರೈಟನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು ಎಷ್ಟೋ ಸಲ ಕಣ್ಣುಮುಚ್ಚಿ ಕೇಳಿದ್ದೇನೆ. ನನ್ನ ಕಿವಿಗಂತೂ ವ್ಯತ್ಯಾಸ ಹತ್ತಿಲ್ಲ. (ನೆಗೆಟಿವ್ ಫೀಡ್‌ಬ್ಯಾಕ್, ಅಂದರೆ ಹೊರಬಂದ ಸಿಗ್ನಲ್ಲಿನ ಒಂದು ಪಾಲನ್ನು ತಿರುಗಿಸಿ ಒಳಗೆ ಕೊಡುವ ವಿಧಾನ, ಬಳಸುವ ಟೋನ್ ಸರ್ಕ್ಯೂಟನ್ನು ಬ್ರಿಟಿಷ್ ಎಂಜಿನಿಯರ್ ಪೀಟರ್ ಬ್ಯಾಕ್ಸಂಡಾಲ್ ಪ್ರಕಟಿಸಿದ್ದು 1952ರಲ್ಲಿ. ಹೊಸ ಮಾಯೆಯೇನಲ್ಲ.)

ರಾತ್ರಿ ಎಲ್ಲರೂ ಮಲಗಿದ ಮೇಲೆ ಸಣ್ಣಗೆ ಹಾಕಿಕೊಂಡು ಕೇಳುವವರಿಗೆ ಬೇಸ್ ನಾಬ್ ಇನ್ನೂ ಹೆಚ್ಚು ಉಪಯೋಗ. ಸದ್ದು ತಗ್ಗಿದಷ್ಟೂ ಮಂದ್ರದ ದನಿ ನಮ್ಮ ಕಿವಿಗೆ ಬೇಗ ಸೋರಿಹೋಗುತ್ತದೆ. ಅಮೆರಿಕದ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಬೇಸ್ ಒಂಚೂರು ಏರಿಸಿದರೆ ಹಾಡಿಗೆ ಮತ್ತೆ ಮೈ ಬರುತ್ತದೆ.

ಆದರೆ ಕೋಣೆಯ ಗುಂಯ್‌ಗುಡುವಿಕೆಗೆ ಇದು ಮದ್ದಲ್ಲ. ನನ್ನ ಕೋಣೆ 4 ಮೀಟರ್ ಉದ್ದ, ಲೆಕ್ಕ ಹಾಕಿದರೆ 43 ಹರ್ಟ್ಜ್ ಹತ್ತಿರ ಗೋಡೆಗಳೇ ದನಿಗೂಡಿಸುತ್ತವೆ. ಬೇಸ್ ಇಳಿಸಿದಾಗ ಆ ಗುಂಯ್ ಜೊತೆಗೆ ಮೃದಂಗದ ತೊಪ್ಪಿಯೂ ಇಳಿಯಿತು. ಕೊನೆಗೆ ಕೆಲಸ ಮಾಡಿದ್ದು ಸ್ಪೀಕರುಗಳನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆದದ್ದು.

ಈ ನಾಬ್‌ಗಳಿಂದ ನನಗೆ ಆದ ಅವಮಾನ ಒಂದೇ. ಹೊಸ ಸ್ಪೀಕರ್ ಕೇಬಲ್ ಹಾಕಿದ ವಾರ, ಬೇಸ್ ಎಷ್ಟು ತುಂಬಿಕೊಂಡಿದೆ ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಭಾನುವಾರ ಧೂಳು ಒರೆಸುವಾಗ ನೋಡಿದರೆ ಬೇಸ್ ನಾಬ್ ಒಂದು ಗಂಟೆಯ ಹತ್ತಿರ ನಿಂತಿದೆ. ರಾತ್ರಿ ಏರಿಸಿದವನು ಇಳಿಸುವುದನ್ನೇ ಮರೆತಿದ್ದೆ. ಕೇಬಲ್ ಈಗ ಅಟ್ಟದ ಮೇಲಿದೆ.