ಮನೆಭೇಟಿಯ ತಂತ್ರಾಂಶ: ಪರದೆ ತಿದ್ದಿಸುವುದೋ, ಆಫ್‌ಲೈನ್ ಆ್ಯಪ್ ಮಾಡಿಸುವುದೋ?

ಹಾಸಿಗೆ ಹಿಡಿದವರ ಮನೆಭೇಟಿಗಳನ್ನು ಯೋಜಿಸುವ ಸರ್ಕಾರಿ ತಂತ್ರಾಂಶವನ್ನು ಬಳಕೆಗೆ ಸುಲಭವಾಗಿಸಲು ಈಗಿರುವ ಪರದೆಯನ್ನು ತಿದ್ದಿಸುವುದು, ನೆಟ್‌ವರ್ಕ್ ಇಲ್ಲದಾಗಲೂ ನಡೆಯುವ (ಆಫ್‌ಲೈನ್) ಆ್ಯಪ್ ಮಾಡಿಸುವುದು, ಈ ಎರಡರಲ್ಲಿ ಯಾವುದು ಸೂಕ್ತವೆಂದು ಕೇಳಿದ್ದೀರಿ. ಖರ್ಚು ಕಡಿಮೆ ಬೀಳುವುದು ಮೊದಲನೆಯದಕ್ಕೇ: ಶೀರ್ಷಿಕೆಗಳನ್ನು ಕನ್ನಡಕ್ಕೆ ತಂದು, ಬೇಡದ ಕಾಲಂಗಳನ್ನು ತೆಗೆದು, ದಿನದ ಪಟ್ಟಿಯನ್ನು ಮೊದಲ ಪರದೆಯಲ್ಲೇ ತೋರಿಸಿದರೆ ಕಚೇರಿಯಲ್ಲಿ ಕುಳಿತು ಪಾಳಿ ಹಂಚುವವರ ಕೆಲಸ ಬಹುಮಟ್ಟಿಗೆ ಹಗುರಾಗುತ್ತದೆ. ಆದರೆ ಮಳೆಗಾಲದಲ್ಲಿ ಕೊಡಗಿನ ಭಾಗಮಂಡಲದ ಕಡೆ ಕರೆಂಟು ಹೋಗಿ ನೆಟ್‌ವರ್ಕ್ ಕೈಕೊಟ್ಟಾಗ, ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಯ ಬಾಗಿಲಲ್ಲಿ ನಿಂತ ನರ್ಸ್‌ಗೆ ಎಷ್ಟೇ ಸರಳವಾದ ಪರದೆಯೂ ತೆರೆದುಕೊಳ್ಳುವುದಿಲ್ಲ; ಬೆಳಿಗ್ಗೆಯೇ ಪಟ್ಟಿಯನ್ನು ಇಳಿಸಿಕೊಂಡು, ಹುಣ್ಣಿನ ಸ್ಥಿತಿ, ಕೊಟ್ಟ ಮಾತ್ರೆಗಳನ್ನು ಫೋನಿನಲ್ಲೇ ದಾಖಲಿಸಿ, ಸಿಗ್ನಲ್ ಸಿಕ್ಕಾಗ ಕಳುಹಿಸುವ ಆ್ಯಪ್ ಅಲ್ಲಿ ಅನಿವಾರ್ಯವೆಂದೇ ನನ್ನ ಭಾವನೆ. ಅದರ ನಿರ್ವಹಣೆ ದುಬಾರಿ. ಇಬ್ಬರು ಒಂದೇ ದಾಖಲೆಯನ್ನು ತಿದ್ದಿದರೆ ಯಾವುದು ಉಳಿಯಬೇಕೆಂಬುದನ್ನೂ ಮೊದಲೇ ಗೊತ್ತುಪಡಿಸಬೇಕು. ಮಡಿಕೇರಿ, ಕುಶಾಲನಗರ ಪಟ್ಟಣಗಳೊಳಗಿನ ಭೇಟಿಗಳೇ ಹೆಚ್ಚಿದ್ದರೆ ಪರದೆ ತಿದ್ದಿಸಿದರೆ ಸಾಕು. ಒಳಭಾಗದ ತೋಟಗಳೇ ಹೆಚ್ಚಿದ್ದರೆ ಆ್ಯಪ್‌ಗೆ ಹಣ ಮೀಸಲಿಡಿ.